ಶಕ್ತಿ ಯೋಜನೆಯಿಂದಲೇ ಹೆಂಗಸರು ಕೆಲಸಕ್ಕೆ ಹೋಗುವುದು ಹೆಚ್ಚಾಯಿತು ಅನ್ನಲು ಏನೇನು ತೋರಿಸಬೇಕು?

ವಿಜಯನಗರ_ಸ್ಕಾಲರ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ದುಡಿಮೆಯಲ್ಲಿ ಏನು ಬದಲಾಯಿತು ಅನ್ನುವುದು ನನ್ನ ವಿಷಯ.

ನನ್ನ ವಾದ ಸರಳ. ದುಡಿಯುವ ಮನಸ್ಸಿದ್ದರೂ ಎಷ್ಟೋ ಹೆಂಗಸರಿಗೆ ಬಸ್ ಚಾರ್ಜೇ ಅಡ್ಡಿಯಾಗಿತ್ತು. ಮನೆಗೆಲಸಕ್ಕೋ ಗಾರ್ಮೆಂಟ್ಸ್‌ಗೋ ಎರಡು ಬಸ್ ಹಿಡಿದು ಹೋಗಿ ಬಂದರೆ ಸಂಬಳದಲ್ಲಿ ಒಂದು ಪಾಲು ಟಿಕೆಟ್‌ಗೇ ಹೋಗುತ್ತಿತ್ತು. ಹಾಗಾಗಿ ಮನೆ ಹತ್ತಿರ ಸಿಕ್ಕಿದ್ದಷ್ಟೇ ಕೆಲಸ, ಸಿಗದಿದ್ದರೆ ಮನೆಯಲ್ಲೇ. 2023ರ ಜೂನ್ 11ರಿಂದ ಆ ಖರ್ಚು ಇಲ್ಲ. ದೂರದ ಕೆಲಸವೂ ಗಿಟ್ಟುವಂತಾಯಿತು, ಕೆಲಸಕ್ಕೆ ಹೋಗುವವರು ಹೆಚ್ಚಾದರು.

ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಶಿವಾಜಿನಗರ ಬಸ್ ನಿಲ್ದಾಣಗಳಲ್ಲಿ ಹೆಂಗಸರನ್ನು ಮಾತಾಡಿಸಿದ್ದೇನೆ. ಬಹಳ ಜನ "ಶಕ್ತಿಯಿಂದ ಅನುಕೂಲವಾಗಿದೆ" ಅಂದರು. "ಮೊದಲು ಇಷ್ಟು ದೂರ ಕೆಲಸಕ್ಕೆ ಬರುತ್ತಿರಲಿಲ್ಲ" ಅಂದವರೂ ಇದ್ದಾರೆ. ಮುಂದೆ ಕೇಂದ್ರ ಸರ್ಕಾರ ದುಡಿಮೆ, ನಿರುದ್ಯೋಗದ ಲೆಕ್ಕಕ್ಕೆ ಮಾಡುವ ಪಿಎಲ್‌ಎಫ್‌ಎಸ್ ಸರ್ವೆ ತೆಗೆದುಕೊಂಡು ಶಕ್ತಿಗೆ ಮೊದಲಿನ ವರ್ಷ, ನಂತರದ ವರ್ಷ ಎರಡನ್ನೂ ಹೋಲಿಸಬೇಕು ಅಂದುಕೊಂಡಿದ್ದೇನೆ.

ಡಾಕ್ಟೋರಲ್ ಕಮಿಟಿಯಲ್ಲಿ ಒಬ್ಬರು ಹೇಳಿದರು, "ನಿಮ್ಮ ಸಿದ್ಧಾಂತ ಸುಳ್ಳಾಗಿದ್ದರೆ ಏನು ಕಾಣಬೇಕಿತ್ತು, ಅದನ್ನು ಮೊದಲು ಬರೆದುಕೊಂಡು ಬನ್ನಿ." ಇನ್ನೊಬ್ಬರು, "ಸಂದರ್ಶನದಿಂದ ಕಾರಣ ಸಾಬೀತಾಗುವುದಿಲ್ಲ, ಅದು ಬರೀ ಅಭಿಪ್ರಾಯ" ಅಂದರು. ಮೊದಲನೆಯದಕ್ಕೆ ಏನು ಬರೆಯಬೇಕು? ಎರಡನೆಯದು ನಿಜವೇ? ಈ ಹೆಂಗಸರ ಮಾತನ್ನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅದನ್ನು ಬರೀ ಅಭಿಪ್ರಾಯ ಅಂತ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ನಾಗರಭಾವಿ_ಎಕನಾಮಿಕ್ಸ್

ಮೊದಲಿನ ವರ್ಷ, ನಂತರದ ವರ್ಷ ಅನ್ನುವ ಹೋಲಿಕೆ ಒಂದನ್ನೇ ನಂಬಿ ಹೋಗಬೇಡಿ. ಆಗ ಪಿಎಲ್‌ಎಫ್‌ಎಸ್ ವರ್ಷ ಜುಲೈನಿಂದ ಜೂನ್‌ವರೆಗೆ ಇತ್ತು. ಹಾಗಾಗಿ 2022-23 ಹೆಚ್ಚುಕಡಿಮೆ ಪೂರ್ತಿ ಶಕ್ತಿಗೆ ಮೊದಲಿನದು, 2023-24 ಪೂರ್ತಿ ನಂತರದ್ದು. ನೋಡಲು ಬಹಳ ಅನುಕೂಲವಾಗಿದೆ, ಅದೇ ಅಪಾಯ. ಇಡೀ ದೇಶದ ಲೆಕ್ಕ ನೋಡಿ. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ 23.3 ಇತ್ತು. 2021-22ಕ್ಕೆ ಶೇ 32.8 ಆಯಿತು, 2022-23ಕ್ಕೆ 37.0, 2023-24ಕ್ಕೆ 41.7. ನೀವು ಹೋಲಿಸಲು ಹೊರಟಿರುವ ಅದೇ ಎರಡು ವರ್ಷಗಳ ನಡುವೆ ದೇಶದಲ್ಲೇ ಸುಮಾರು ಐದು ಪಾಯಿಂಟ್ ಏರಿದೆ. ಫ್ರೀ ಬಸ್ ಇಲ್ಲದ ಎಷ್ಟೋ ರಾಜ್ಯಗಳು ಆ ಲೆಕ್ಕದಲ್ಲಿವೆ. ಕರ್ನಾಟಕದಲ್ಲಿ ಏರಿಕೆ ಕಂಡರೆ ಅದರಲ್ಲಿ ಬಸ್ಸಿನ ಪಾಲೆಷ್ಟು, ಎಲ್ಲ ಕಡೆ ಏರುತ್ತಿದ್ದುದರ ಪಾಲೆಷ್ಟು ಅಂತ ಈ ಹೋಲಿಕೆ ಹೇಳುವುದೇ ಇಲ್ಲ.

ಇನ್ನೊಂದು ತೊಡಕು, 2023ರಲ್ಲಿ ಇಲ್ಲಿ ಬದಲಾಗಿದ್ದು ಬಸ್ ಒಂದೇ ಅಲ್ಲ. ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಕರೆಂಟ್ ಬಿಲ್ ಕಡಿಮೆಯಾಯಿತು. ಬೆಂಗಳೂರಿನಲ್ಲಿ ಅಕ್ಟೋಬರ್ 9ಕ್ಕೆ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆಯಿತು. ಗೃಹಲಕ್ಷ್ಮಿ ದುಡ್ಡಂತೂ ಎರಡೂ ಕಡೆಗೆ ಎಳೆಯಬಹುದು. "ಇನ್ನು ಅಷ್ಟು ದೂರ ಹೋಗಿ ದುಡಿಯುವುದು ಯಾಕೆ" ಅಂತ ಒಬ್ಬರು ಕೆಲಸ ಬಿಡಬಹುದು, ಅದೇ ದುಡ್ಡಿನಲ್ಲಿ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿ ಇನ್ನೊಬ್ಬರು ಕೆಲಸಕ್ಕೆ ಸೇರಬಹುದು. ಬಸ್ ಜನರನ್ನು ಹೊರಗೆ ಕರೆಯಿತು, ದುಡ್ಡು ಒಳಗೆ ಉಳಿಸಿತು ಅಂದರೆ ಒಟ್ಟು ಲೆಕ್ಕದಲ್ಲಿ ಏನೂ ಕಾಣದೆ ಹೋಗಬಹುದು. ಆಗ ನೀವು ಶಕ್ತಿಯಿಂದ ಏನೂ ಆಗಲಿಲ್ಲ ಅಂತ ಬರೆದರೆ ಅದೂ ತಪ್ಪೇ.

ಹಾಗಾದರೆ ಯಾರ ಜೊತೆ ಹೋಲಿಸಬೇಕು? ತಮಿಳುನಾಡು ಬೇಡ, ಅಲ್ಲಿ 2021ರ ಮೇ ತಿಂಗಳಿಂದಲೇ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಫ್ರೀ. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ಕ್ಕೆ ಶುರುವಾಯಿತು, ಅಂದರೆ ನಿಮ್ಮ ನಂತರದ ವರ್ಷದ ಮಧ್ಯದಲ್ಲೇ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್‌ನಿಂದ ಅರ್ಧ ಚಾರ್ಜು. ಆಂಧ್ರದಲ್ಲಿ 2025ರ ಆಗಸ್ಟ್ 15ರವರೆಗೆ ಇರಲಿಲ್ಲ. ಗೌರಿಬಿದನೂರಿನಲ್ಲಿ ಫ್ರೀ, ಹತ್ತಿರದ ಹಿಂದೂಪುರದಲ್ಲಿ ಟಿಕೆಟ್, ಎರಡು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಅಮೆರಿಕದಲ್ಲಿ ಕಾರ್ಡ್ ಮತ್ತು ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಕನಿಷ್ಠ ಕೂಲಿಯ ಪ್ರಶ್ನೆಗೆ ಮಾಡಿದ್ದು ಇಂಥದ್ದನ್ನೇ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕೆಲಸ ಎಷ್ಟೆಷ್ಟು ಬದಲಾಯಿತು ಅಂತ ನೋಡಿದರು. ಎರಡು ಕಡೆಯ ಬದಲಾವಣೆಗಳ ನಡುವಿನ ವ್ಯತ್ಯಾಸ ನೋಡುವ ಈ ವಿಧಾನಕ್ಕೆ ಡಿಫರೆನ್ಸ್ ಇನ್ ಡಿಫರೆನ್ಸಸ್ ಅನ್ನುತ್ತಾರೆ, ಕೋರ್ಸ್‌ವರ್ಕ್‌ನಲ್ಲಿ ನೋಡಿರುತ್ತೀರಿ.

ಆದರೆ ನನಗೆ ಇನ್ನೂ ಇಷ್ಟವಾಗುವುದು ನಮ್ಮ ರಾಜ್ಯದೊಳಗಿನ ಹೋಲಿಕೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಜನರ ಓಡಾಟ ಹೆಚ್ಚಾಗಿ ಖಾಸಗಿ ಬಸ್ಸಿನಲ್ಲಿ. ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ಗೃಹಲಕ್ಷ್ಮಿ ಮಾತ್ರ ಅಲ್ಲಿಯ ಹೆಂಗಸರಿಗೂ ಸಿಗುತ್ತದೆ. ದುಡ್ಡು ಎರಡೂ ಕಡೆ ಬಂತು, ಫ್ರೀ ಬಸ್ ಮುಖ್ಯವಾಗಿ ಒಂದೇ ಕಡೆ ಬಂತು. ಎರಡು ಕಾರಣಗಳನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ರಾಜ್ಯದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮಲ್ಲೇಶ್ವರಂ_ಮೇಷ್ಟ್ರು

ಮೇಲೆ ಬರೆದಿರುವುದು ಸರಿಯಾಗಿದೆ. ಆದರೆ ವಿಧಾನಕ್ಕೆ ಹೋಗುವ ಮೊದಲು ಕಮಿಟಿಯವರ ಮೊದಲ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲಿ. ಅದು ಬಹಳ ಒಳ್ಳೆಯ ಪ್ರಶ್ನೆ, ನಿಮ್ಮನ್ನು ಬೀಳಿಸಲು ಕೇಳಿದ್ದಲ್ಲ.

ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಹೇಳುತ್ತಿದ್ದುದು ಇದನ್ನೇ. ಏನೇ ನಡೆದರೂ ನನ್ನ ಸಿದ್ಧಾಂತ ಸರಿ ಅನ್ನುವಂತಿದ್ದರೆ ಆ ಸಿದ್ಧಾಂತ ಏನನ್ನೂ ಹೇಳಿಲ್ಲ. ಒಂದು ಸಿದ್ಧಾಂತ ಕೆಲವು ಸಂಗತಿಗಳು ನಡೆಯಬಾರದು ಅನ್ನಬೇಕು. ಈಗ ನಿಮ್ಮದನ್ನು ನೋಡಿ. "ಶಕ್ತಿ ಬಂತು, ಕೆಲಸ ಹೆಚ್ಚಾಯಿತು" ಅನ್ನುವುದು ಎರಡು ತುದಿ ಅಷ್ಟೇ. ನಡುವೆ ನೀವೇ ಒಂದು ದಾರಿ ಹೇಳಿದ್ದೀರಿ: ಚಾರ್ಜು ಅಡ್ಡಿಯಾಗಿತ್ತು, ಅಡ್ಡಿ ಹೋಯಿತು, ದೂರದ ಕೆಲಸ ಗಿಟ್ಟಿತು. ಆ ದಾರಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಪರೀಕ್ಷೆ ಇದೆ.

ಗಂಡಸರಿಗೆ ಟಿಕೆಟ್ ಹಾಗೇ ಇದೆ, ಆದ್ದರಿಂದ ಅವರ ದುಡಿಮೆಯಲ್ಲಿ ಅಂಥ ಬದಲಾವಣೆ ಕಾಣಬಾರದು. ಸರ್ಕಾರಿ ಬಸ್ಸೇ ಹೋಗದ ಹಳ್ಳಿಗಳಲ್ಲಿ ಕಾಣಬಾರದು, ದಿನಕ್ಕೆ ಒಂದು ಬಸ್ ಬಂದು ಹೋಗುವ ಕಡೆ ಬಹಳ ಕಡಿಮೆ ಕಾಣಬೇಕು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಲಸ ಇರುವವರಿಗೆ ವ್ಯತ್ಯಾಸ ಇರಬಾರದು. ಕಾರ್ಖಾನೆಯ ವ್ಯಾನಿನಲ್ಲೇ ಹೋಗಿ ಬರುತ್ತಿದ್ದವರಿಗೂ ಅಷ್ಟೇ. ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸುತ್ತದೆ: ಯಾವ ಥರದ ಕೆಲಸ ಹೆಚ್ಚಾಯಿತು? ಈಚಿನ ವರ್ಷಗಳಲ್ಲಿ ದೇಶದ ಲೆಕ್ಕದಲ್ಲಿ ಹೆಂಗಸರ ದುಡಿಮೆ ಏರಿದ್ದರಲ್ಲಿ ದೊಡ್ಡ ಪಾಲು ಸ್ವಂತ ದುಡಿಮೆಯದು, ಅದರಲ್ಲೂ ಹಳ್ಳಿಗಳಲ್ಲಿ ಮನೆಯವರ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರದು. ಮನೆಯ ಹೊಲಕ್ಕೆ ಹೋಗಲು ಬಿಎಂಟಿಸಿ ಬೇಕಾಗಿಲ್ಲ. ಕರ್ನಾಟಕದಲ್ಲೂ ಏರಿಕೆ ಅಲ್ಲಿಯೇ ಕಂಡರೆ ನಿಮ್ಮ ಸಿದ್ಧಾಂತಕ್ಕೆ ಅದರಿಂದ ಬಲ ಬರುವುದಿಲ್ಲ, ಸಂಖ್ಯೆ ಎಷ್ಟೇ ದೊಡ್ಡದಿರಲಿ. ಮನೆಯಿಂದಾಚೆಗಿನ ಸಂಬಳದ ಕೆಲಸ, ಕೂಲಿ ಕೆಲಸ ಏರಿರಬೇಕು.

ಬಿಹಾರದ ಸೈಕಲ್ ಯೋಜನೆಯ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಮಾಡಿದ ಅಧ್ಯಯನವನ್ನು ಓದಿ, ನಿಮ್ಮ ಕೆಲಸಕ್ಕೆ ಬಹಳ ಹತ್ತಿರದ್ದು. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್‌ಗೆ ದುಡ್ಡು ಕೊಡಲು ಶುರು ಮಾಡಿತು. ಹುಡುಗಿಯರ ದಾಖಲಾತಿ ಏರಿತು ಅಂತಷ್ಟೇ ಹೇಳಿ ಅವರು ನಿಲ್ಲಿಸಲಿಲ್ಲ. ಬಿಹಾರದ ಹುಡುಗಿಯರನ್ನು ಅಲ್ಲಿಯ ಹುಡುಗರ ಜೊತೆ ಹೋಲಿಸಿದರು, ಆ ವ್ಯತ್ಯಾಸವನ್ನು ಪಕ್ಕದ ಜಾರ್ಖಂಡ್‌ನ ವ್ಯತ್ಯಾಸದ ಜೊತೆ ಹೋಲಿಸಿದರು. ಹುಡುಗಿಯರ ದಾಖಲಾತಿ ಶೇ 32ರಷ್ಟು ಹೆಚ್ಚಾಗಿದ್ದು ಸಿಕ್ಕಿತು. ಆಮೇಲೆ ಕೇಳಿದ ಪ್ರಶ್ನೆಯೇ ಈ ಅಧ್ಯಯನದ ಜೀವ: ಸೈಕಲ್ಲೇ ಕಾರಣವಾಗಿದ್ದರೆ ಏರಿಕೆ ಎಲ್ಲಿ ಕಾಣಬೇಕು? ಹೈಸ್ಕೂಲ್ ದೂರ ಇರುವ ಊರುಗಳಲ್ಲಿ ಅಲ್ವಾ? ಏರಿಕೆಯ ಬಹುಪಾಲು ಹೈಸ್ಕೂಲಿನಿಂದ 3 ಕಿಲೋಮೀಟರ್‌ಗಿಂತ ದೂರದ ಹಳ್ಳಿಗಳಲ್ಲೇ ಇತ್ತು. ದುಡ್ಡಿನ ಆಸೆಗೆ ಸುಮ್ನೆ ಸೇರಿದ್ದರೆ ಶಾಲೆ ಹತ್ತಿರ ಇರುವ ಊರಲ್ಲೂ ಅಷ್ಟೇ ಏರಬೇಕಿತ್ತು. ಒಂದೇ ಪರೀಕ್ಷೆಯಲ್ಲಿ ಅವರ ವಾದ ಉಳಿಯಿತು, ಎದುರಾಳಿ ವಾದ ಬಿತ್ತು. ಅಂಥ ಜಾಗ ಹುಡುಕಿ.

ಇನ್ನೊಂದು ಎಚ್ಚರಿಕೆ. ಫಲಿತಾಂಶ ನೀವು ಅಂದುಕೊಂಡಂತೆ ಬರದಿದ್ದರೆ, "ಬಸ್ ರಶ್ ಇತ್ತು, ಅದಕ್ಕೆ ಹೆಂಗಸರು ಹೋಗಲಿಲ್ಲ" ಅಂತ ಸೇರಿಸಿ ವಾದ ಉಳಿಸಿಕೊಳ್ಳುವ ಮನಸ್ಸಾಗುತ್ತದೆ. ಸೇರಿಸಬಾರದು ಅಂತೇನಿಲ್ಲ. ರಶ್ ನಿಜವಾದ ಅಡ್ಡಿಯೇ ಇರಬಹುದು. ಆದರೆ ಸೇರಿಸಿದ ಮೇಲೆ ಅದಕ್ಕೂ ಪರೀಕ್ಷೆ ಇಡಬೇಕು: ಹಾಗಾದರೆ ರಶ್ ಕಡಿಮೆ ಇರುವ ರೂಟ್‌ಗಳಲ್ಲಿ, ಮಧ್ಯಾಹ್ನದ ಪಾಳಿಯ ಕೆಲಸಗಳಲ್ಲಿ ಏರಿಕೆ ಕಾಣಬೇಕು. ಅಲ್ಲೂ ಕಾಣದಿದ್ದರೆ ಕೈ ಬಿಡಿ.

ವಿಜಯನಗರ_ಸ್ಕಾಲರ್

ಮೇಷ್ಟ್ರೇ, ನಾಗರಭಾವಿ ಸರ್, ಇಬ್ಬರಿಗೂ ಬಹಳ ಧನ್ಯವಾದ. ಸಂಬಳದ ಕೆಲಸ ಮತ್ತು ಮನೆಯ ಹೊಲದ ಕೆಲಸ ಬೇರೆ ಮಾಡಿ ನೋಡುವುದು ನನಗೆ ಹೊಳೆದಿರಲಿಲ್ಲ, ಅದು ಕೈಗೆ ಸಿಗುವಂಥ ಪರೀಕ್ಷೆ. ಶಕ್ತಿಯಲ್ಲಿ ಹೋಗುವವರಿಗೆ ಹರಿಯುವ ಶೂನ್ಯ ಟಿಕೆಟ್‌ಗಳ ಲೆಕ್ಕವನ್ನು ಸಾರಿಗೆ ನಿಗಮಗಳು ಕೊಡುತ್ತವಲ್ಲ, ಅದನ್ನು ಬಳಸಬಹುದಾ? ಸಂದರ್ಶನದ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಪ್ರಬಂಧದ ಕೊನೆಗೆ ಅನುಬಂಧದಲ್ಲಿ ಹಾಕಿಬಿಡಬೇಕಾ?

ಪೀಣ್ಯ_ಫೀಲ್ಡ್

ಅನುಬಂಧಕ್ಕೆ ಹಾಕಬೇಡಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಧ್ಯೆ ಫೀಲ್ಡ್ ಕೆಲಸ ಮಾಡುತ್ತೇನೆ, ಹಾಗಾಗಿ ಈ ಬಗ್ಗೆ ನನಗೆ ಹೇಳುವುದಿದೆ. ಸಂದರ್ಶನದಿಂದ ಕಾರಣ ತಿಳಿಯುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾರನ್ನು ಕೇಳಿದಿರಿ, ಏನು ಕೇಳಿದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಯಾರನ್ನು ಅನ್ನುವುದು. ಬಸ್ ನಿಲ್ದಾಣದಲ್ಲಿ ಸಿಗುವವರು ಈಗಾಗಲೇ ಬಸ್ ಹತ್ತಿದವರು. ಶಕ್ತಿ ಬಂದರೂ ಮನೆಯಲ್ಲೇ ಉಳಿದವರು ಮೆಜೆಸ್ಟಿಕ್‌ನಲ್ಲಿ ಸಿಗುವುದಿಲ್ಲ. ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ, ಗಂಡ ಒಪ್ಪಲ್ಲ, ಸಂಜೆ ಏಳಕ್ಕೆ ನೀರು ಬಿಡುತ್ತಾರೆ, ಹೀಗೆ ಚಾರ್ಜಿಗೆ ಸಂಬಂಧವೇ ಇಲ್ಲದ ಅಡ್ಡಿಗಳು ಎಷ್ಟೋ ಇವೆ. ನಿಮ್ಮ ಸಿದ್ಧಾಂತಕ್ಕೆ ನಿಜವಾದ ಸವಾಲು ಇರುವುದು ಅವರ ಮನೆಯಲ್ಲಿ. ಒಂದು ಬಡಾವಣೆ ಆರಿಸಿಕೊಂಡು ಮನೆ ಮನೆಗೆ ಹೋಗಿ. ಲಗ್ಗೆರೆಯೋ ಹೆಗ್ಗನಹಳ್ಳಿಯೋ ಆಗಬಹುದು. ದುಡಿಯುವವರು, ದುಡಿಯದವರು, ಕೆಲಸ ಬಿಟ್ಟವರು ಎಲ್ಲರೂ ಬರಲಿ. ಶೂನ್ಯ ಟಿಕೆಟ್ ಲೆಕ್ಕಕ್ಕೂ ಇದೇ ಮಾತು. ಅದು ಎಷ್ಟು ಸಲ ಬಸ್ ಹತ್ತಿದರು ಅಂತ ಹೇಳುತ್ತದೆ, ಎಷ್ಟು ಜನ ಕೆಲಸಕ್ಕೆ ಸೇರಿದರು ಅಂತ ಹೇಳುವುದಿಲ್ಲ. ಮೊದಲು ಶೇರ್ ಆಟೋದಲ್ಲಿ ಹೋಗುತ್ತಿದ್ದವರು, ನಡೆಯುತ್ತಿದ್ದವರು, ಧರ್ಮಸ್ಥಳಕ್ಕೆ ಹೋಗಿ ಬಂದವರು ಎಲ್ಲರೂ ಅದರಲ್ಲಿದ್ದಾರೆ. (ಅವರು ದೇವಸ್ಥಾನಕ್ಕೆ ಹೋಗಿದ್ದೂ ತವರಿಗೆ ಹೋಗಿದ್ದೂ ಯೋಜನೆಯ ದೊಡ್ಡ ಫಲವೇ. ನಿಮ್ಮ ಪ್ರಶ್ನೆ ಕೆಲಸದ್ದು ಅಂತ ಈ ಮಾತು.)

ಇನ್ನು ಏನು ಕೇಳಬೇಕು. "ಶಕ್ತಿಯಿಂದ ಅನುಕೂಲ ಆಯ್ತಾ" ಅಂದರೆ ಆಯ್ತು ಅಂತಲೇ ಅನ್ನುತ್ತಾರೆ. ಆಗಿದೆ ಕೂಡ, ಟಿಕೆಟ್ ದುಡ್ಡು ಉಳಿದಿದೆ. ಆದರೆ ಅದರಿಂದ ಕೆಲಸಕ್ಕೆ ಸೇರಿದರು ಅಂತ ಆಗುವುದಿಲ್ಲ. ಶಕ್ತಿಯ ಹೆಸರೇ ಎತ್ತದೆ ಕೆಲಸದ ಕಥೆ ಕೇಳಿ. ಮೊದಲು ಎಲ್ಲಿ ಇದ್ದಿರಿ, ಯಾಕೆ ಬಿಟ್ಟಿರಿ, ಆಮೇಲೆ ಎಲ್ಲಿ ಸೇರಿದಿರಿ, ಯಾರು ಹೇಳಿದರು, ಹೇಗೆ ಹೋಗುತ್ತಿದ್ದಿರಿ. ತಾರೀಕು ನೆನಪಿರುವುದಿಲ್ಲ, ಆದರೆ ದಸರಾಕ್ಕೆ ಮೊದಲೋ ಆಮೇಲೋ, ಮಗು ಯಾವ ಕ್ಲಾಸಿನಲ್ಲಿದ್ದಾಗ, ಎಲೆಕ್ಷನ್ ಆಗಿತ್ತಾ ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಪಿಎಫ್ ದಾಖಲೆ ಇದ್ದವರಿಗೆ ಸೇರಿದ ತಾರೀಕೂ ಸಿಗುತ್ತದೆ.

ಇವುಗಳಿಗೆ ಬೇರೆ ಬೇರೆ ಬಲ ಇದೆ. 2023ರ ಫೆಬ್ರವರಿಯಲ್ಲೇ ಸೇರಿದ್ದರೆ ಆಕೆಯ ಮಟ್ಟಿಗೆ ನಿಮ್ಮ ವಾದ ಮುಗಿಯಿತು. ಜೂನ್ ಆದಮೇಲೆ ಸೇರಿದ್ದರೆ ವಾದ ಉಳಿಯಿತು, ಗೆದ್ದಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಗಂಡನ ಕೆಲಸ ಹೋಗಿರಬಹುದು, ಮಗು ಸ್ಕೂಲಿಗೆ ಸೇರಿರಬಹುದು. ಮನೆಯಲ್ಲಿ ಬೇರೇನೂ ಬದಲಾಗದೆ, ಹತ್ತಿರದ ಕಡಿಮೆ ಸಂಬಳದ ಕೆಲಸ ಬಿಟ್ಟು ಎರಡು ಬಸ್ ದೂರದ ಜಾಸ್ತಿ ಸಂಬಳದ ಕೆಲಸಕ್ಕೆ ಹೋಗಿದ್ದರೆ, ಅದೂ ಮೊದಲೊಮ್ಮೆ ಅದೇ ಕೆಲಸವನ್ನು ಚಾರ್ಜು ಗಿಟ್ಟಲ್ಲ ಅಂತ ಬೇಡ ಅಂದಿದ್ದರೆ, ಅದಕ್ಕೆ ಬೇರೆ ವಿವರಣೆ ಕೊಡುವುದು ಬಹಳ ಕಷ್ಟ. ಅಂಥ ಒಂದು ಕಥೆ "ಅನುಕೂಲ ಆಯ್ತು" ಅನ್ನುವ ನೂರು ಉತ್ತರಕ್ಕಿಂತ ತೂಕದ್ದು. ಪ್ರಾಸೆಸ್ ಟ್ರೇಸಿಂಗ್ ಅನ್ನುವುದು ಇದನ್ನೇ. ಕಮಿಟಿಯವರಿಗೆ ಈ ಹೆಸರಿನಲ್ಲೇ ಹೇಳಿ, ರಾಜ್ಯಶಾಸ್ತ್ರದವರು ಬಹಳ ಕಾಲದಿಂದ ಬಳಸುವ ವಿಧಾನ.

ಇನ್ನೊಂದು ಹೋಲಿಕೆ ಬೆಂಗಳೂರಿನಲ್ಲೇ ಇದೆ. ಶಕ್ತಿ ಕರ್ನಾಟಕದ ನಿವಾಸಿಗಳಿಗೆ ಮಾತ್ರ, ಇಲ್ಲಿಯ ವಿಳಾಸದ ಗುರುತಿನ ಚೀಟಿ ಬೇಕು. ಒಡಿಶಾ, ಜಾರ್ಖಂಡ್‌ನಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ಇರುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಆ ಚೀಟಿ ಇಲ್ಲ. ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನವಳಿಗೆ ಫ್ರೀ, ಇವಳಿಗೆ ಟಿಕೆಟ್.

ನಾಗರಭಾವಿ_ಎಕನಾಮಿಕ್ಸ್

ಪೀಣ್ಯ ಮೇಡಂ, ಈ ಕೊನೆಯದು ಬಹಳ ಚೆನ್ನಾಗಿದೆ. 1854ರ ಲಂಡನ್ ಕಾಲರಾದಲ್ಲಿ, ರೋಗ ನೀರಿನಿಂದ ಹರಡುತ್ತದೆ ಅಂತ ತೋರಿಸಲು ಹೊರಟ ವೈದ್ಯ ಜಾನ್ ಸ್ನೋಗೆ ಸಿಕ್ಕಿದ್ದು ಇಂಥ ಸಂದರ್ಭವೇ. ಒಂದೇ ಬೀದಿಯಲ್ಲಿ ಕೆಲವು ಮನೆಗೆ ಒಂದು ಕಂಪನಿಯ ನೀರು, ಪಕ್ಕದ ಮನೆಗೆ ಇನ್ನೊಂದರದು. ಒಂದು ಕಂಪನಿ 1852ರಲ್ಲಿ ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಊರ ಕೊಳಚೆ ಸೇರುವ ಮೊದಲಿನ ಜಾಗಕ್ಕೆ ಹೋಗಿತ್ತು. ಗಾಳಿ ಒಂದೇ, ಬೀದಿ ಒಂದೇ, ನೀರು ಮಾತ್ರ ಬೇರೆ.

ಆದರೆ ನಿಮ್ಮ ಹೋಲಿಕೆ ಒಂದು ಪ್ರಶ್ನೆಗೆ ನಡೆಯುತ್ತದೆ, ಇನ್ನೊಂದಕ್ಕೆ ನಡೆಯುವುದಿಲ್ಲ. ಹೊರ ರಾಜ್ಯದ ಹುಡುಗಿಯರು ಬಂದಿರುವುದೇ ದುಡಿಯಲು. ಅವರಲ್ಲಿ ಕೆಲಸಕ್ಕೆ ಸೇರಿದವರೆಷ್ಟು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಹಾಸ್ಟೆಲ್‌ನಲ್ಲಿ ಇರುವವರನ್ನು ಬಿಟ್ಟು, ಬಾಡಿಗೆ ಮನೆಯಲ್ಲಿ ಇರುವವರನ್ನು ತೆಗೆದುಕೊಂಡು, ಎಷ್ಟು ದೂರ ಹೋಗುತ್ತಾರೆ, ಕೆಲಸ ಬದಲಾಯಿಸಿದಾಗ ದೂರ ಹೆಚ್ಚಾಯಿತಾ ಅಂತ ಕೇಳಬಹುದು. ಅಂದರೆ ಮೇಷ್ಟ್ರು ಹೇಳಿದ ನಡುವಿನ ಮೆಟ್ಟಿಲನ್ನು ಪರೀಕ್ಷಿಸಬಹುದು, ಕೊನೆಯ ಮೆಟ್ಟಿಲನ್ನಲ್ಲ.

ಕರಾವಳಿ ಹೋಲಿಕೆಗೂ ಷರತ್ತು ಇದೆ. ಅಲ್ಲಿ ಬೀಡಿ, ಗೋಡಂಬಿ ಕಾರ್ಖಾನೆ, ಓದು ಎಲ್ಲ ಬೇರೆ ಥರ. ಬೇರೆ ಇದ್ದರೆ ತೊಂದರೆ ಇಲ್ಲ, 2023ಕ್ಕೆ ಮೊದಲು ಎರಡೂ ಕಡೆ ಏರಿಳಿತ ಒಂದೇ ಥರ ನಡೆಯುತ್ತಿತ್ತಾ ಅನ್ನುವುದು ಮುಖ್ಯ. 2017-18ರಿಂದ ಪ್ರತಿ ವರ್ಷದ್ದನ್ನೂ ಬಿಡಿಸಿ ಗ್ರಾಫ್ ಹಾಕಿ. ಮೊದಲೇ ಗೆರೆಗಳು ದೂರ ದೂರ ಸರಿಯುತ್ತಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಒಂದು ಸುಳ್ಳು ತಾರೀಕನ್ನೂ ಇಟ್ಟು ನೋಡಿ: ಶಕ್ತಿ 2022ರ ಜೂನ್‌ನಲ್ಲೇ ಬಂದಿತ್ತು ಅಂತ ಲೆಕ್ಕ ಹಾಕಿದಾಗಲೂ ಪರಿಣಾಮ ಕಂಡರೆ, ನೀವು ಅಳೆಯುತ್ತಿರುವುದು ಶಕ್ತಿಯನ್ನಲ್ಲ. ಎರಡು ಜಿಲ್ಲೆಗೆ ಪಿಎಲ್‌ಎಫ್‌ಎಸ್ ಸ್ಯಾಂಪಲ್ ಬಹಳ ಚಿಕ್ಕದು ಅನ್ನುವುದೂ ನೆನಪಿರಲಿ. ಪರಿಣಾಮ ಕಾಣಲಿಲ್ಲ ಅಂದರೆ ಪರಿಣಾಮವೇ ಇಲ್ಲ ಅಂತಲೂ ಇರಬಹುದು, ಇಷ್ಟು ಸ್ಯಾಂಪಲ್‌ನಲ್ಲಿ ಕಾಣುವಷ್ಟು ದೊಡ್ಡದಿಲ್ಲ ಅಂತಲೂ ಇರಬಹುದು. ಪ್ರಬಂಧದಲ್ಲಿ ಇವೆರಡನ್ನೂ ಬೇರೆ ಮಾಡಿ ಬರೆಯಿರಿ.

ಪೀಣ್ಯ_ಫೀಲ್ಡ್

ಇದೇ ಕಾರಣಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪಿಎಚ್‌ಡಿಯಲ್ಲಿ ಇಡೀ ರಾಜ್ಯದ ದುಡಿಮೆ ಪಾಲು ಏರಿತಾ ಅನ್ನುವ ಪ್ರಶ್ನೆ ಯಾಕೆ ಬೇಕು? "ಚಾರ್ಜು ಇಲ್ಲವಾದಾಗ ಕೆಲಸ ಹುಡುಕುವ ದೂರ ಹೆಚ್ಚಾಯಿತಾ, ಯಾರಿಗೆ ಹೆಚ್ಚಾಯಿತು, ಯಾರಿಗೆ ಆಗಲಿಲ್ಲ" ಅಂತ ಬೆಂಗಳೂರಿಗೆ ಇಳಿಸಿ. ಗಟ್ಟಿಯಾಗಿ ಉತ್ತರ ಕೊಡಬಹುದು, ಹೆಂಗಸರ ಮಾತಿಗೂ ನಡುವಿನ ಜಾಗ ಸಿಗುತ್ತದೆ.

ವಿಜಯನಗರ_ಸ್ಕಾಲರ್

ಮೇಡಂ, ಇದು ನನಗೆ ಹಿಡಿಸಿತು. ದೂರದ ಪ್ರಶ್ನೆಯನ್ನು ಮುಂದಿಟ್ಟು, ರಾಜ್ಯದ ಲೆಕ್ಕವನ್ನು ಒಂದು ಅಧ್ಯಾಯಕ್ಕೆ ಇಳಿಸುತ್ತೇನೆ. ಮನೆ ಮನೆ ಸರ್ವೆಗೆ ಹೋಗುವ ಮೊದಲೇ ಯಾವ ಉತ್ತರ ಬಂದರೆ ವಾದ ಬೀಳುತ್ತದೆ ಅಂತ ಬರೆದು, ತಾರೀಕು ಹಾಕಿ ಗೈಡ್ ಕೈಗೆ ಕೊಡುತ್ತೇನೆ. ಮೇಷ್ಟ್ರೇ, ಕರಾವಳಿ ಅಂದಾಗ ಉತ್ತರ ಕನ್ನಡವನ್ನೂ ಸೇರಿಸಬೇಕಾ?

ಮಲ್ಲೇಶ್ವರಂ_ಮೇಷ್ಟ್ರು

ಸೇರಿಸಿ, ಆದರೆ ಖಾಸಗಿ ಬಸ್ಸಿನ ಉಡುಪಿ, ದಕ್ಷಿಣ ಕನ್ನಡದ ಕಡೆಗಲ್ಲ, ಫ್ರೀ ಬಸ್ ಬಂದ ಕಡೆಗೆ. ಉತ್ತರ ಕನ್ನಡ ವಾಯವ್ಯ ಸಾರಿಗೆಯ ಜಿಲ್ಲೆ, ಅಲ್ಲಿ ಸರ್ಕಾರಿ ಬಸ್ಸೇ ಹೆಚ್ಚು. ಅದೂ ಕರಾವಳಿಯೇ, ಮಳೆ, ಮೀನುಗಾರಿಕೆ ಎಲ್ಲ ಉಡುಪಿಗೆ ಹತ್ತಿರ. ಕುಮಟಾ, ಕಾರವಾರದಲ್ಲಿ ಏರಿಕೆ ಕಂಡು ಕುಂದಾಪುರ, ಉಡುಪಿಯಲ್ಲಿ ಕಾಣದಿದ್ದರೆ, ಕರಾವಳಿಯೇ ಬೇರೆ ಅನ್ನುವ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕಂತೆ. ಉಡುಪಿ ಕಡೆ ಸರ್ಕಾರಿ ಬಸ್ ಹೊಸದಾಗಿ ಯಾವ ರೂಟಿಗೆ ಯಾವಾಗ ಬಂತು ಅನ್ನುವ ಪಟ್ಟಿ ನಿಗಮದಿಂದ ಆರ್‌ಟಿಐನಲ್ಲಿ ಕೇಳಿ. ಅರ್ಜಿ ಈಗಲೇ ಹಾಕಿ, ಉತ್ತರ ಬರಲು ತಿಂಗಳಾದರೂ ಹಿಡಿಯುತ್ತದೆ.